ಬಾಂಬರ್ ವಿಮಾನದ ಒಂದು ರಾತ್ರಿಯನ್ನು ಹುಡುಕಿ ಓದುವುದು ಹೇಗೆ

ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಬಗ್ಗೆ ಆಸಕ್ತಿ ಹುಟ್ಟಿದವರು ಹೆಚ್ಚಾಗಿ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ಪದಕಗಳ ಪಟ್ಟಿ, ಇನ್ನೊಂದು ಸತ್ತವರ ಲೆಕ್ಕ. ಬ್ರಿಟನ್ನಿನ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸುಮಾರು 1,25,000 ಜನ ಹಾರಿದರು. ಅವರಲ್ಲಿ 55,573 ಜನ ಸತ್ತರು, ಹತ್ತು ಸಾವಿರದಷ್ಟು ಜನ ಸೆರೆ ಸಿಕ್ಕರು. ಬಲವಂತಕ್ಕೆ ಬಂದವರು ಒಬ್ಬರೂ ಇಲ್ಲ, ಎಲ್ಲರೂ ತಾವಾಗಿಯೇ ಹೆಸರು ಕೊಟ್ಟವರು. ಇದನ್ನೆಲ್ಲ ಓದುತ್ತೇವೆ, ಅಯ್ಯೋ ಪಾಪ ಅನ್ನುತ್ತೇವೆ, ಮುಂದಿನ ಪುಟಕ್ಕೆ ಹೋಗುತ್ತೇವೆ. ಅಷ್ಟು ದೊಡ್ಡ ಅಂಕಿಯೊಳಗೆ ಒಬ್ಬ ಮನುಷ್ಯನೂ ಕಣ್ಣಿಗೆ ಬೀಳುವುದಿಲ್ಲ.

ನಾನು ಹೇಳುವ ದಾರಿ ಬೇರೆ. ಒಂದು ವಿಮಾನ ತಗೊಳ್ಳಿ, ಒಂದು ರಾತ್ರಿ ತಗೊಳ್ಳಿ. ಒಳಗಿದ್ದ ಏಳು ಜನ ಎಲ್ಲೆಲ್ಲಿ ಕೂತಿದ್ದರು, ಪ್ರತಿಯೊಬ್ಬನ ಪ್ಯಾರಾಶೂಟ್ ಎಲ್ಲಿತ್ತು, ಅಲ್ಲಿಂದ ಬಾಗಿಲಿಗೆ ಎಷ್ಟು ದೂರ, ದಾರಿಯಲ್ಲಿ ಏನೇನು ಅಡ್ಡ ಇತ್ತು, ಇಷ್ಟನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸಾಹಸ, ತ್ಯಾಗ ಅನ್ನುವ ಮಾತೆಲ್ಲ ಆಮೇಲೆ.

ಯಾವ ವಿಮಾನ, ಯಾವ ರಾತ್ರಿ

ಬ್ರಿಟನ್ನಿನ ನಾಲ್ಕು ಎಂಜಿನ್ನಿನ ಬಾಂಬರ್ ಲ್ಯಾಂಕಾಸ್ಟರ್‌ನಿಂದ ಶುರು ಮಾಡಿ. ಒಟ್ಟು 7,377 ತಯಾರಾದವು, ದಾಖಲೆಗಳೂ ಹೇರಳವಾಗಿವೆ. ಇಂಗ್ಲೆಂಡಿನ ಲಿಂಕನ್ ಊರಲ್ಲಿ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್ ಇದೆ. ಸತ್ತವರ ಹೆಸರುಗಳ ದೊಡ್ಡ ಡೇಟಾಬೇಸನ್ನು ಅವರು ಆನ್‌ಲೈನ್‌ನಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ. ಹೆಸರು, ಸ್ಕ್ವಾಡ್ರನ್ (ಅವರಿದ್ದ ವಿಮಾನ ದಳ), ವಿಮಾನದ ನಂಬರು, ಹೀಗೆ ಯಾವುದರಿಂದ ಬೇಕಾದರೂ ಹುಡುಕಬಹುದು. ಒಬ್ಬನ ಹೆಸರು ಸಿಕ್ಕಿದರೆ ಅವನ ಜೊತೆ ಹಾರಿದವರೂ ಸಿಗುತ್ತಾರೆ.

ಆಮೇಲೆ ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿಗೆ ಹೋಗಿ ಅದೇ ಹೆಸರುಗಳನ್ನು ಹಾಕಿ. ಇಲ್ಲಿ ಅವಸರ ಬೇಡ, ಯಾಕಂದರೆ ಸಮಾಧಿ ನಂಬರುಗಳೇ ಅರ್ಧ ಕತೆ ಹೇಳುತ್ತವೆ. ಏಳು ಜನ ಒಂದೇ ಸಾಲಲ್ಲಿ ಅಕ್ಕಪಕ್ಕ ಇದ್ದರೆ, ಬಹುಶಃ ಯಾರಿಗೂ ಹೊರಗೆ ಬರಲು ಆಗಲಿಲ್ಲ. ‘ಸಾಮೂಹಿಕ ಸಮಾಧಿ’ ಅಂತ ಬರೆದಿದ್ದರೆ ಯಾರ ದೇಹ ಯಾವುದು ಅಂತ ಗುರುತಿಸಲು ಆಗಿಲ್ಲ ಎಂದರ್ಥ. ಐದೇ ಹೆಸರು ಸಿಕ್ಕಿದರೆ ಖುಷಿಪಡಿ, ಇಬ್ಬರು ಬದುಕಿರಬಹುದು, ಅವರು ಏನಾದರೂ ಹೇಳಿರಬಹುದು. ಸಮಾಧಿಯೇ ಇಲ್ಲದೆ ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿ ಹೆಸರು ಕೆತ್ತಿದ್ದರೆ ಅವರು ಸಿಗಲೇ ಇಲ್ಲ. ಎಷ್ಟೋ ಸಲ ವಿಮಾನ ಸಮುದ್ರಕ್ಕೆ ಬಿದ್ದಿರುತ್ತದೆ. ಹಾಗೆ ಮಣ್ಣು ಕಾಣದ ವಾಯುಪಡೆಯವರ ಹೆಸರು ಅಲ್ಲಿ 20,000ಕ್ಕೂ ಜಾಸ್ತಿ ಇವೆ.

ಈಗ ವಿಮಾನದ ಒಳಗೆ

ಒಂದು ಹಾಳೆ ತಗೊಂಡು ಲ್ಯಾಂಕಾಸ್ಟರ್‌ನ ಉದ್ದದ ಚಿತ್ರ ಬರೆದುಕೊಳ್ಳಿ, ಚೆನ್ನಾಗಿ ಬರೆಯಲು ಬರದಿದ್ದರೂ ಪರವಾಗಿಲ್ಲ. ಮೂಗಿನಲ್ಲಿ ಗುರಿ ನೋಡಿ ಬಾಂಬ್ ಬಿಡುವ ಬಾಂಬ್ ಏಮರ್, ಹೊಟ್ಟೆ ಅಡಿಯಾಗಿ ಮಲಗಿ ಕೆಳಗೆ ನೋಡುತ್ತಿರುತ್ತಾನೆ. ಅವನ ಹಿಂದೆ ಸ್ವಲ್ಪ ಎತ್ತರದಲ್ಲಿ ಎಡಗಡೆ ಪೈಲಟ್, ಪಕ್ಕದಲ್ಲಿ ಮಡಚುವ ಸೀಟಿನಲ್ಲಿ ಫ್ಲೈಟ್ ಎಂಜಿನಿಯರ್. ಅವರ ಹಿಂದೆ ಪರದೆ ಎಳೆದುಕೊಂಡು ಸಣ್ಣ ದೀಪದ ಕೆಳಗೆ ಮ್ಯಾಪು, ಪೆನ್ಸಿಲು ಹಿಡಿದು ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್. ಅವನ ಹಿಂದೆ ವೈರ್‌ಲೆಸ್ ಆಪರೇಟರ್. ಎಂಜಿನ್‌ನಿಂದ ಬರುವ ಬಿಸಿಗಾಳಿ ಇವನ ಹತ್ತಿರವೇ ಬಂದು ಬೀಳುತ್ತಿತ್ತು. ಉಳಿದವರು ಮರಗಟ್ಟುತ್ತಿದ್ದರೆ ಇವನು ಬೆವರುತ್ತಿದ್ದ.

ಅಲ್ಲಿಂದ ಹಿಂದಕ್ಕೆ ಹೋಗಬೇಕೆಂದರೆ ರೆಕ್ಕೆಯ ಮುಖ್ಯ ತೊಲೆ ದಾಟಬೇಕು. ಅದು ವಿಮಾನದ ಹೊಟ್ಟೆಗೆ ಅಡ್ಡಲಾಗಿ ಹಾಯ್ದಿರುತ್ತದೆ. ದಪ್ಪ ಬಟ್ಟೆ, ಬೂಟು, ಆಕ್ಸಿಜನ್ ಕೊಳವೆ ಎಲ್ಲ ಇಟ್ಟುಕೊಂಡು ಕತ್ತಲೆಯಲ್ಲಿ ಅದನ್ನು ಹತ್ತಿ ಇಳಿಯಬೇಕು. ಅದರಾಚೆ ಮೇಲ್ಭಾಗದ ಗೋಪುರದಲ್ಲಿ (ಗನ್ನು ಸಮೇತ ತಿರುಗುವ ಗಾಜಿನ ಗೂಡು) ಮಿಡ್ ಅಪ್ಪರ್ ಗನ್ನರ್. ಕೊನೆಗೆ ಬಾಲದ ತುದಿಯಲ್ಲಿ ಒಬ್ಬನೇ ರಿಯರ್ ಗನ್ನರ್, ನಾಲ್ಕು ಬ್ರೌನಿಂಗ್ ಗನ್ನುಗಳ ಹಿಂದೆ, ಮೈನಸ್ 40 ಡಿಗ್ರಿ ಚಳಿಯಲ್ಲಿ. ಕತ್ತಲಲ್ಲಿ ಶತ್ರು ವಿಮಾನ ಸ್ಪಷ್ಟವಾಗಿ ಕಾಣಲಿ ಅಂತ ಎದುರಿನ ಗಾಜನ್ನೇ ತೆಗೆಸಿಹಾಕಿದವರು ತುಂಬಾ ಜನ. ಮೈಗೆ ಕರೆಂಟಿನಿಂದ ಬಿಸಿಯಾಗುವ ಸೂಟ್ ಇರುತ್ತಿತ್ತು, ಅದು ಕೆಟ್ಟರೆ ಆ ರಾತ್ರಿ ದೇವರೇ ಗತಿ.

ಈಗ ಚಿತ್ರದ ಮೇಲೆ ಪ್ಯಾರಾಶೂಟ್‌ಗಳನ್ನು ಗುರುತು ಮಾಡಿ. ಪೈಲಟ್ ತನ್ನ ಪ್ಯಾರಾಶೂಟಿನ ಮೇಲೆಯೇ ಕೂತಿರುತ್ತಾನೆ. ಉಳಿದವರದ್ದು ಎದೆಗೆ ಸಿಕ್ಕಿಸಿಕೊಳ್ಳುವ ಗಂಟು. ಅದನ್ನು ಕಟ್ಟಿಕೊಂಡು ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಪಕ್ಕದಲ್ಲೆಲ್ಲೋ ಇಟ್ಟಿರುತ್ತಾರೆ. ರಿಯರ್ ಗನ್ನರ್‌ದಂತೂ ಅವನ ಗೋಪುರದ ಹೊರಗೆ, ವಿಮಾನದ ಒಳಭಾಗದಲ್ಲಿ ಇರುತ್ತಿತ್ತು. ಅಂದರೆ ಬೆಂಕಿ ಹತ್ತಿದಾಗ ಅವನು ಗೋಪುರವನ್ನು ನೇರ ಮಾಡಿ, ಬೆನ್ನ ಹಿಂದಿನ ಬಾಗಿಲು ತೆಗೆದು, ಕೈ ಹಾಕಿ ಗಂಟು ಎಳೆದುಕೊಂಡು, ಎದೆಗೆ ಸಿಕ್ಕಿಸಿ, ಆಮೇಲೆ ಹಾರಬೇಕು.

ಬಾಗಿಲು ಎರಡು. ಬಾಲದ ಹತ್ತಿರ ಬಲಗಡೆ ಒಂದು ಮಾಮೂಲಿ ಬಾಗಿಲು, ಅಲ್ಲಿಂದ ಹಾರಿದರೆ ಹಿಂದಿನ ರೆಕ್ಕೆಗೆ ತಲೆ ಬಡಿಯುವ ಭಯ. ಮುಂದಿದ್ದ ಐದು ಜನರಿಗೆ ಇದ್ದದ್ದು ಮೂಗಿನ ನೆಲದಲ್ಲಿನ ಕಿಂಡಿ, ಅಂದರೆ ಬಾಂಬ್ ಏಮರ್ ಮಲಗುವ ಜಾಗದ ಅಡಿಯಲ್ಲೇ.

ಆ ಕಿಂಡಿಯ ಅಗಲ 22 ಇಂಚು, ಉದ್ದ ಇಪ್ಪತ್ತಾರೂವರೆ ಇಂಚು. ಈ ಅಂಕಿಯನ್ನು ಓದಿ ಬಿಡಬೇಡಿ. ದೊಡ್ಡ ರಟ್ಟಿನ ಡಬ್ಬದಲ್ಲಿ ಅಷ್ಟು ಕತ್ತರಿಸಿ, ಜರ್ಕಿನ್ ಹಾಕಿಕೊಂಡು, ಮಕ್ಕಳ ಸ್ಕೂಲ್ ಬ್ಯಾಗನ್ನು ಎದೆಗೆ ಕಟ್ಟಿಕೊಂಡು, ಅದರೊಳಗೆ ನುಸುಳಿ ನೋಡಿ. ಮನೆಯವರು ನಗಲಿ ಬಿಡಿ. ಆಮೇಲೆ ದೀಪ ಆರಿಸಿ ಇನ್ನೊಂದು ಸಲ ಮಾಡಿ. ಇಷ್ಟಾದರೂ ನಿಮ್ಮ ಕೋಣೆ ಗಿರಗಿರ ತಿರುಗುತ್ತಾ ಕೆಳಗೆ ಬೀಳುತ್ತಿಲ್ಲ, ಹಿಂದೆ ನಾಲ್ಕು ಜನ ಕಾಯುತ್ತಾ ನಿಂತಿಲ್ಲ.

ಫ್ರೀಮನ್ ಡೈಸನ್ ಹೆಸರು ಕೇಳಿರಬಹುದು, ಆಮೇಲೆ ಅಮೆರಿಕದಲ್ಲಿ ಹೆಸರಾಂತ ಭೌತವಿಜ್ಞಾನಿಯಾದವರು. 1943ರಲ್ಲಿ ಅವರಿಗೆ ಇನ್ನೂ 19 ವರ್ಷ, ಬಾಂಬರ್ ಕಮಾಂಡ್‌ನ ಮುಖ್ಯ ಕಚೇರಿಯಲ್ಲಿ ಕೂತು ನಷ್ಟದ ಲೆಕ್ಕ ನೋಡುವ ಕೆಲಸ. ಅವರು ಮುಂದೆ ಬರೆದ ಪ್ರಕಾರ, ಹಗಲಲ್ಲಿ ಹೊಡೆತ ತಿಂದ ಅಮೆರಿಕನ್ ಬಾಂಬರ್‌ಗಳಿಂದ ಸುಮಾರು ಅರ್ಧದಷ್ಟು ಜನ ಪಾರಾಗುತ್ತಿದ್ದರು. ಬ್ರಿಟನ್ನಿನ ಹಳೆಯ ಹ್ಯಾಲಿಫ್ಯಾಕ್ಸ್, ಸ್ಟರ್ಲಿಂಗ್‌ಗಳಿಂದ ಕಾಲು ಭಾಗ. ಹೊಸದಾದ, ಎಲ್ಲರೂ ಹೊಗಳುತ್ತಿದ್ದ ಲ್ಯಾಂಕಾಸ್ಟರ್‌ನಿಂದ ಬರೀ ಶೇ 15. ಹ್ಯಾಲಿಫ್ಯಾಕ್ಸ್‌ನ ಕಿಂಡಿ ಎರಡು ಇಂಚು ಅಗಲ ಜಾಸ್ತಿ ಇತ್ತು. ಡೈಸನ್ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಕಿಂಡಿ ದೊಡ್ಡದು ಮಾಡಿ ಅಂತ ಕಚೇರಿಯಿಂದ ಕಚೇರಿಗೆ ಅಲೆದರು, ಅದು ಒಪ್ಪಿಗೆಯಾಗುವ ಹೊತ್ತಿಗೆ ಯುದ್ಧವೇ ಮುಗಿಯುತ್ತಾ ಬಂದಿತ್ತು. ನನ್ನನ್ನು ಕೇಳಿದರೆ ಬಾಂಬರ್ ಸಿಬ್ಬಂದಿಯ ಬಗ್ಗೆ ಬರೆಯುವ ಯಾರೇ ಆಗಲಿ ಈ ಎರಡು ಇಂಚಿನ ವಿಷಯ ಬಿಟ್ಟರೆ ಆ ಬರಹ ಅರ್ಧಂಬರ್ಧ. ಆ ಹುಡುಗರು ಶತ್ರುವಿನ ಜೊತೆ ಮಾತ್ರ ಹೋರಾಡಲಿಲ್ಲ, ತಮ್ಮದೇ ಕಡೆಯವರ ಫೈಲುಗಳ ಜೊತೆಗೂ ಹೋರಾಡಿದರು, ಅದೂ ಗೊತ್ತಿಲ್ಲದೆ.

ಕಾಗದ ಪತ್ರ ಓದುವ ಕ್ರಮ

ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪ್ರತಿ ಸ್ಕ್ವಾಡ್ರನ್ನಿನ ದಿನಚರಿ ಇದೆ. ಕ್ಯಾಟಲಾಗ್‌ನಲ್ಲಿ ಎಐಆರ್ 27 ಅಂತ ಹುಡುಕಿ. ಅದರಲ್ಲಿ ಎರಡು ಥರದ ಹಾಳೆ. ಫಾರ್ಮ್ 540 ಅಂದರೆ ದಿನದ ಸಾರಾಂಶ. ಫಾರ್ಮ್ 541ರಲ್ಲಿ ಒಂದೊಂದು ವಿಮಾನಕ್ಕೂ ಒಂದು ನಮೂದು: ಯಾರು ಯಾರು ಹೋದರು, ಎಷ್ಟು ಗಂಟೆಗೆ ಎದ್ದಿತು, ಎಷ್ಟಕ್ಕೆ ಇಳಿಯಿತು, ಯಾವ ಬಾಂಬು, ಏನು ಕಂಡರು. ನೀವು ಹುಡುಕುವ ವಿಮಾನ ವಾಪಸ್ ಬರದಿದ್ದರೆ ಇಳಿದ ಸಮಯದ ಜಾಗ ಖಾಲಿ ಇರುತ್ತದೆ. ಪಕ್ಕದಲ್ಲಿ, ಹೊರಟ ಮೇಲೆ ಏನೂ ಸುದ್ದಿಯಿಲ್ಲ ಅನ್ನುವ ಅರ್ಥದ ಒಂದು ಸಾಲು. ಅಷ್ಟೇ. ಮೊದಲ ಸಲ ನೋಡಿದಾಗ ನಿರಾಸೆಯಾಗುತ್ತದೆ, ಏಳು ಜನರಿಗೆ ಇಷ್ಟೇನಾ ಅನ್ನಿಸುತ್ತದೆ.

ಅಲ್ಲಿಗೇ ನಿಲ್ಲಿಸಬೇಡಿ. ಅದೇ ಹಾಳೆಯಲ್ಲಿ ವಾಪಸ್ ಬಂದವರ ನಮೂದುಗಳನ್ನು ಓದಿ. ಎಲ್ಲಿ ಮೋಡ ಇತ್ತು, ಎಲ್ಲಿ ಗಾಳಿ ದಾರಿ ತಪ್ಪಿಸಿತು, ಎಲ್ಲಿ ಶತ್ರು ವಿಮಾನಗಳು ಮುತ್ತಿಕೊಂಡವು, ಎಲ್ಲ ಅವರ ಬಾಯಲ್ಲಿದೆ. ಆ ರಾತ್ರಿ ಚಂದ್ರ ಎಷ್ಟು ಹೊತ್ತು ಇದ್ದ ಅಂತಲೂ ನೋಡಿ, ಅದಕ್ಕೆ ಆನ್‌ಲೈನ್ ಪಂಚಾಂಗ ಸಾಕು. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋದ 795 ವಿಮಾನಗಳಲ್ಲಿ 95 ವಾಪಸ್ ಬರಲಿಲ್ಲ. ಆವತ್ತು ಬೆಳದಿಂಗಳಿತ್ತು, ದಾರಿಯ ಬಹುಭಾಗ ಮೋಡದ ಮರೆ ಇರಲಿಲ್ಲ, ಸಾಲದ್ದಕ್ಕೆ ವಿಮಾನಗಳ ಹಿಂದೆ ಬಿಳಿ ಹೊಗೆಯಂಥ ಗೆರೆ ಮೂಡುತ್ತಿತ್ತು. ಧೈರ್ಯ ಇದ್ದವರು, ಇಲ್ಲದವರು, ಹಳಬರು, ಹೊಸಬರು, ಎಲ್ಲರೂ ಒಂದೇ ಬೆಳಕಿನಲ್ಲಿ ಕಂಡರು.

ಹಾರಾಟದ ಲಾಗ್‌ಬುಕ್ ಎಲ್ಲಾದರೂ ಸಿಕ್ಕಿದರೆ ಶಾಯಿಯ ಬಣ್ಣ ನೋಡಿ. ಸಾಮಾನ್ಯವಾಗಿ ರಾತ್ರಿ ದಾಳಿ ಕೆಂಪಿನಲ್ಲಿ, ಹಗಲಿನ ದಾಳಿ ಹಸಿರಿನಲ್ಲಿ. ‘ಗಾರ್ಡನಿಂಗ್’ ಅಂತ ಬರೆದಿದ್ದರೆ ಸಮುದ್ರಕ್ಕೆ ಮೈನ್ ಹಾಕಲು ಹೋಗಿದ್ದರು. ‘ನಿಕಲ್’ ಅಂದರೆ ಕರಪತ್ರ ಉದುರಿಸಲು. ‘ಡಿಎನ್‌ಸಿಒ’ ಅಂದರೆ ಕೆಲಸ ಪೂರ್ತಿಯಾಗಲಿಲ್ಲ. ಕೊನೆಯ ಸಾಲಿನ ಅಕ್ಷರ ಬೇರೆಯವರದ್ದಾಗಿದ್ದರೆ ಏನಾಗಿದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಲೆಕ್ಕ ಒಂದು ಹಾಕಿ

ಕ್ಯಾಲ್ಕುಲೇಟರ್ ತಗೊಳ್ಳಿ. ಒಬ್ಬ ಹಾರಾಟಗಾರ ಪೂರೈಸಬೇಕಾದ ಸೇವೆಯ ಒಂದು ಸುತ್ತು (ಟೂರ್) ಅಂದರೆ 30 ದಾಳಿ. ಅಷ್ಟು ಮುಗಿಸಿದವನಿಗೆ ಬಿಡುವು, ಆಮೇಲೆ ಬೇಕಾದರೆ 20ರ ಎರಡನೇ ಸುತ್ತು. ಪ್ರತಿ ದಾಳಿಗೆ ನೂರಕ್ಕೆ ನಾಲ್ಕು ವಿಮಾನ ಕಳೆದುಹೋಗುತ್ತವೆ ಅಂತ ಇಟ್ಟುಕೊಳ್ಳಿ. ನೂರಕ್ಕೆ ತೊಂಬತ್ತಾರು ವಾಪಸ್, ಪರವಾಗಿಲ್ಲ ಅನ್ನಿಸುತ್ತದೆ. 0.96 ಅನ್ನು ಮೂವತ್ತು ಸಲ ಗುಣಿಸಿ. ಉತ್ತರ 0.29. ಹತ್ತರಲ್ಲಿ ಮೂವರು ಸುತ್ತು ಮುಗಿಸುತ್ತಾರೆ, ಏಳು ಜನ ಮುಗಿಸುವುದಿಲ್ಲ. ನೂರಕ್ಕೆ ಐದಾದರೆ ಉತ್ತರ 0.21ಕ್ಕೆ ಇಳಿಯುತ್ತದೆ. ಯುದ್ಧದ ಉದ್ದಕ್ಕೂ ಈ ಪ್ರಮಾಣ ಒಂದೇ ಇರಲಿಲ್ಲ, 1944ರ ಕೊನೆಗೆ ತುಂಬಾ ಕಡಿಮೆಯಾಯಿತು. ಹಾಗಾಗಿ ನಿಮ್ಮ ತಂಡ ಹಾರಿದ ತಿಂಗಳು ಯಾವುದು ಅಂತ ನೋಡಿಯೇ ಲೆಕ್ಕ ಹಾಕಿ.

ಅನುಭವ ಬಂದರೆ ಬದುಕುತ್ತೀರಿ ಅಂತ ಅಧಿಕಾರಿಗಳು ಹುಡುಗರಿಗೆ ಹೇಳುತ್ತಿದ್ದರು. ಡೈಸನ್ ಅಂಕಿಗಳನ್ನು ಜಾಲಾಡಿದಾಗ ಹಾಗೇನೂ ಕಾಣಲಿಲ್ಲ. ಹಳಬರೂ ಹೊಸಬರಷ್ಟೇ ಸಾಯುತ್ತಿದ್ದರು. ಒಂದು ಕಾರಣ, ಜರ್ಮನ್ನರು 1943ರಿಂದ ತಮ್ಮ ರಾತ್ರಿ ಕಾದಾಟದ ವಿಮಾನಗಳಿಗೆ ಮೇಲ್ಮುಖವಾಗಿ ಗನ್ನು ಕೂಡಿಸಿದ್ದರು. ಬಾಂಬರ್‌ನ ಹೊಟ್ಟೆಯ ಕೆಳಗೆ ಸದ್ದಿಲ್ಲದೆ ಬಂದು ರೆಕ್ಕೆಯ ಪೆಟ್ರೋಲ್ ಟ್ಯಾಂಕಿಗೆ ಹೊಡೆಯುತ್ತಿದ್ದರು. ಏಳು ಜೊತೆ ಕಣ್ಣು ಆಕಾಶವನ್ನೆಲ್ಲ ಹುಡುಕುತ್ತಿದ್ದರೂ ನೇರ ಕೆಳಗೆ ಇದ್ದದ್ದು ಕಾಣುತ್ತಿರಲಿಲ್ಲ.

ಕತೆ ಉಳಿಯಬೇಕಾದರೆ ಹೇಳುವವನು ಉಳಿಯಬೇಕು

ಇಷ್ಟು ಸಿದ್ಧತೆ ಆದಮೇಲೆ ಪದಕದ ಕತೆಗಳಿಗೆ ಬನ್ನಿ. ಈಗ ಅವು ಬೇರೆಯೇ ಥರ ಕಾಣುತ್ತವೆ.

ಆಂಡ್ರೂ ಮಿನಾರ್ಸ್ಕಿ ಕೆನಡಾದವನು, 419ನೇ ಸ್ಕ್ವಾಡ್ರನ್, ಮಿಡ್ ಅಪ್ಪರ್ ಗನ್ನರ್. 1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೆ ರೈಲ್ವೆ ಯಾರ್ಡಿನ ಮೇಲೆ ದಾಳಿ. ಶತ್ರು ವಿಮಾನದ ಗುಂಡಿಗೆ ಎಡಗಡೆಯ ಎರಡೂ ಎಂಜಿನ್ ಹೋದವು, ಒಳಗೆ ಬೆಂಕಿ ಹತ್ತಿತು. ಹಾರಿ ಅಂತ ಪೈಲಟ್ ಆದೇಶ ಕೊಟ್ಟ. ನಿಮ್ಮ ಚಿತ್ರ ತೆಗೆದು ಮಿನಾರ್ಸ್ಕಿಯ ಜಾಗ ನೋಡಿ. ಹಿಂದಿನ ಬಾಗಿಲು ಅವನಿಗೆ ನಾಲ್ಕೈದು ಹೆಜ್ಜೆ. ಅವನು ಬಾಗಿಲಿಗೆ ಬಂದೂ ಆಗಿತ್ತು. ಅಲ್ಲಿಂದ ನೋಡಿದರೆ ರಿಯರ್ ಗನ್ನರ್ ಪ್ಯಾಟ್ ಬ್ರೋಫಿ ಗೋಪುರದಲ್ಲೇ ಸಿಕ್ಕಿಕೊಂಡಿದ್ದಾನೆ. ಎಂಜಿನ್ ಸತ್ತಿದ್ದರಿಂದ ಗೋಪುರ ತಿರುಗಿಸುವ ಹೈಡ್ರಾಲಿಕ್ ನಿಂತಿತ್ತು, ಕೈಯಿಂದ ತಿರುಗಿಸುವ ಹಿಡಿಯೂ ಮುರಿದಿತ್ತು. ಮಿನಾರ್ಸ್ಕಿ ಬಾಗಿಲು ಬಿಟ್ಟು ಉರಿಯುವ ಎಣ್ಣೆಯ ಮೇಲೆ ತೆವಳಿಕೊಂಡು ಹಿಂದಕ್ಕೆ ಹೋದ. ಕೊಡಲಿಯಿಂದ ಹೊಡೆದ, ಬರಿಗೈಯಲ್ಲಿ ಎಳೆದ. ಆಗಲಿಲ್ಲ. ಹೋಗು ಹೋಗು ಅಂತ ಬ್ರೋಫಿ ಕೈಸನ್ನೆ ಮಾಡಿದ. ಅವನು ಹಿಂದೆ ಹಿಂದೆ ಸರಿದು, ಉರಿಯುವ ಬಟ್ಟೆಯಲ್ಲೇ ನಿಂತು ಸೆಲ್ಯೂಟ್ ಹೊಡೆದು ಹಾರಿದ. ಪ್ಯಾರಾಶೂಟಿಗೂ ಬೆಂಕಿ ಹತ್ತಿತ್ತು. ಕೆಳಗೆ ಫ್ರೆಂಚರಿಗೆ ಸಿಕ್ಕಿದಾಗ ಉಸಿರಿತ್ತು, ಸುಟ್ಟ ಗಾಯಗಳಿಂದ ಆಮೇಲೆ ಸತ್ತ.

ಬ್ರೋಫಿ? ವಿಮಾನ ನೆಲಕ್ಕೆ ಬಡಿದಾಗ ಹೊರಗೆ ಎಸೆಯಲ್ಪಟ್ಟು ಬದುಕಿದ. ಉಳಿದ ಐವರೂ ಬದುಕಿದರು. ಮಿನಾರ್ಸ್ಕಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದದ್ದು 1946ರಲ್ಲಿ, ಬ್ರೋಫಿ ಇಂಗ್ಲೆಂಡಿಗೆ ವಾಪಸ್ ಬಂದು ನಡೆದದ್ದನ್ನು ಹೇಳಿದ ಮೇಲೆ.

ನಾರ್ಮನ್ ಜಾಕ್ಸನ್ ವಿಷಯವೂ ಹಾಗೇ. 106ನೇ ಸ್ಕ್ವಾಡ್ರನ್ನಿನ ಫ್ಲೈಟ್ ಎಂಜಿನಿಯರ್. 1944ರ ಏಪ್ರಿಲ್ 26ರ ರಾತ್ರಿ ಜರ್ಮನಿಯ ಶ್ವೈನ್‌ಫರ್ಟ್ ಮೇಲೆ ರೆಕ್ಕೆಗೆ ಬೆಂಕಿ ಹತ್ತಿದಾಗ, ಬೆಂಕಿ ಆರಿಸುವ ಸಿಲಿಂಡರನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ಹೋದವನು. ಅವನ ಪ್ಯಾರಾಶೂಟ್ ಮೊದಲೇ ಬಿಚ್ಚಿಕೊಂಡಿತ್ತು, ಒಳಗಿನವರು ಅದರ ಹಗ್ಗ ಹಿಡಿದುಕೊಂಡಿದ್ದರು. ಜಾರಿ ಬಿದ್ದ, ಬದುಕಿದ, ಸೆರೆ ಸಿಕ್ಕ. ಯುದ್ಧ ಮುಗಿದು ಜೊತೆಯವರು ಸೆರೆಯಿಂದ ಬಿಡುಗಡೆಯಾಗಿ ಬಂದು ಹೇಳುವವರೆಗೆ ಈ ಸಂಗತಿ ಹೊರಗೆ ಬಂದಿರಲಿಲ್ಲ.

ಈಗ ಫಾರ್ಮ್ 541ರ ಆ ಖಾಲಿ ಜಾಗಕ್ಕೆ ವಾಪಸ್ ಹೋಗಿ. ಏಳೂ ಜನ ಸತ್ತ ವಿಮಾನಗಳೊಳಗೆ ಯಾರು ಯಾರಿಗಾಗಿ ಬಾಗಿಲು ಬಿಟ್ಟು ಹಿಂದಕ್ಕೆ ಹೋದರೋ, ಯಾವ ಪೈಲಟ್ ಕೊನೆಯವನು ಹಾರುವವರೆಗೆ ಸ್ಟಿಯರಿಂಗ್ ಬಿಡದೆ ಕೂತಿದ್ದನೋ, ಕೇಳಲು ಯಾರೂ ಇಲ್ಲ. ಪದಕ ಎಷ್ಟು ಬಂತು ಅಂತ ನೋಡಿ ಸ್ಕ್ವಾಡ್ರನ್‌ಗಳನ್ನು ಹೋಲಿಸುವುದನ್ನು ನಾನು ಬಿಟ್ಟಿದ್ದು ಇದಕ್ಕೇ.

ಪವಾಡದ ಕತೆಗಳ ಬಗ್ಗೆಯೂ ಸ್ವಲ್ಪ ಹುಷಾರು. 115ನೇ ಸ್ಕ್ವಾಡ್ರನ್ನಿನ ನಿಕೋಲಸ್ ಆಲ್ಕಮೇಡ್ 1944ರ ಮಾರ್ಚ್‌ನಲ್ಲಿ 18,000 ಅಡಿಯಿಂದ ಪ್ಯಾರಾಶೂಟ್ ಇಲ್ಲದೆ ಹಾರಿ, ಪೈನ್ ಮರ ಮತ್ತು ಹಿಮದ ಮೇಲೆ ಬಿದ್ದು ಬದುಕಿದ. ನಿಜವಾಗಿ ನಡೆದದ್ದು. ಎಲ್ಲ ಕಡೆ ಇದನ್ನು ಹೇಳುತ್ತಾರೆ, ಆದರೆ ಅದೇ ವಿಮಾನದಲ್ಲಿ ಪೈಲಟ್ ಸೇರಿ ನಾಲ್ವರು ಸತ್ತದ್ದನ್ನು ಹೇಳುವವರು ಕಡಿಮೆ. ನೀವು ಬರೆಯುವುದಾದರೆ ಏಳೂ ಹೆಸರು ಹಾಕಿ.

ಆಗಲ್ಲ ಅಂದವರು, ಮತ್ತು ಕೆಳಗಿದ್ದವರು

ಅರ್ಧ ದಾರಿಯಿಂದ ವಾಪಸ್ ಬಂದ ವಿಮಾನ ಕಂಡರೆ ಹೇಡಿ ಅಂತ ಸುಮ್ನೆ ತೀರ್ಪು ಕೊಡಬೇಡಿ. ಆಕ್ಸಿಜನ್ ಕೆಟ್ಟಿರಬಹುದು, ಎಂಜಿನ್ ಕೈಕೊಟ್ಟಿರಬಹುದು. ನಿಜಕ್ಕೂ ಇನ್ನು ನನ್ನ ಕೈಯಲ್ಲಿ ಆಗಲ್ಲ ಅಂದವರಿಗೆ ‘ನೈತಿಕ ಸ್ಥೈರ್ಯವಿಲ್ಲ’ ಅನ್ನುವ ಹಣೆಪಟ್ಟಿ ಅಂಟಿಸಿ, ಎದೆಯ ಮೇಲಿನ ರೆಕ್ಕೆಯ ಬಿಲ್ಲೆ ಬಿಚ್ಚಿಸಿ ಕಳಿಸುತ್ತಿದ್ದರು. ಹತ್ತಿಪ್ಪತ್ತು ಸಲ ಹೋಗಿ ಬಂದವನಿಗೂ ಅದೇ. ಇಂದಿನ ಯಾವ ಡಾಕ್ಟರೂ ಅದನ್ನು ಒಪ್ಪಲಾರರು.

ಇನ್ನೊಂದು ಮಾತು. ಆ ವಿಮಾನಗಳು ಕೆಳಗೆ ಹಾಕಿದ್ದು ಬಾಂಬು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 40,000 ಜನ ಸತ್ತರು, ಹೆಚ್ಚಿನವರು ಸಾಮಾನ್ಯ ಜನ. ಫ್ರಾನ್ಸಿನ ರೈಲ್ವೆ ಯಾರ್ಡುಗಳ ಸುತ್ತ ಸತ್ತ ಫ್ರೆಂಚರೂ ಸಾವಿರಾರು. ನಿಮ್ಮ ರಾತ್ರಿಯ ಗುರಿ ಯಾವ ಊರೋ ಆ ಊರಿನ ಚರಿತ್ರೆಯನ್ನೂ ಅದೇ ತಾರೀಕಿಗೆ ತೆಗೆದು ಓದಿ. ಮೇಲಿನವರ ಧೈರ್ಯವೂ ನಿಜ, ಕೆಳಗಿನವರ ಸಾವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಕಣ್ಣಾರೆ ನೋಡಬೇಕೆಂದರೆ

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಹೆಂಡನ್‌ನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಹತ್ತಿರ, ಅಲ್ಲಿ 137 ದಾಳಿ ಮುಗಿಸಿ ಉಳಿದ ಲ್ಯಾಂಕಾಸ್ಟರ್ ಇದೆ. ಆಸ್ಟ್ರೇಲಿಯಾದಲ್ಲಿದ್ದರೆ ಕ್ಯಾನ್‌ಬೆರಾದ ವಾರ್ ಮೆಮೋರಿಯಲ್‌ನ ‘ಜಿ ಫಾರ್ ಜಾರ್ಜ್’ ಅನ್ನುವ ಲ್ಯಾಂಕಾಸ್ಟರ್, ಪ್ರದರ್ಶನಕ್ಕೆ ಇಟ್ಟಿದ್ದಾರೆಯೇ ಅಂತ ಮೊದಲು ವಿಚಾರಿಸಿ. ಟೊರಾಂಟೊ ಕಡೆಯವರು ಹ್ಯಾಮಿಲ್ಟನ್‌ಗೆ ಹೋಗಿ, ಈಗಲೂ ಹಾರುವ ಎರಡು ಲ್ಯಾಂಕಾಸ್ಟರ್‌ಗಳಲ್ಲಿ ಒಂದು ಅಲ್ಲಿದೆ, ಮಿನಾರ್ಸ್ಕಿ ಹೆಸರಲ್ಲೇ. ಕೆಳಗೆ ಬಗ್ಗಿ ಮೂಗಿನ ಕಿಂಡಿ ಎಲ್ಲಿದೆ ಅಂತ ನೋಡುವುದು ಮರೆಯಬೇಡಿ, ಹೆಚ್ಚಿನವರು ಗನ್ನುಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ.

ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಅಮೆರಿಕನ್ ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್‌ನವರು ಇಲ್ಲಿಗೆ ತಂದು ಸರಿಮಾಡಿದರು. 40ರಷ್ಟು ವಿಮಾನಗಳಿಗೆ ಮರುಜೀವ ಬಂತು, 1968ರವರೆಗೆ ನಮ್ಮ ವಾಯುಪಡೆ ಅವನ್ನು ಹಾರಿಸಿತು. ಆಮೇಲೆ ಕೆಲವು ಹೊರದೇಶದ ಮ್ಯೂಸಿಯಂಗಳಿಗೂ ಹೋದವು. ಎಚ್‌ಎಎಲ್ ಮ್ಯೂಸಿಯಂನಲ್ಲಿ ಇರುವ ಕ್ಯಾನ್‌ಬೆರಾ ಬಾಂಬರ್ ಮುಂದೆ ನಿಂತಾಗಲೂ ಬಾಗಿಲಿನ ಪ್ರಶ್ನೆ ಕೇಳಿಕೊಳ್ಳಿ. 1965, 1971ರ ಯುದ್ಧಗಳಲ್ಲಿ ನಮ್ಮವರು ಹಾರಿಸಿದ ಬಿ(ಐ)58 ಮಾದರಿಯಲ್ಲಿ ಪೈಲಟ್‌ಗೆ ಎಜೆಕ್ಷನ್ ಸೀಟ್ ಇತ್ತು, ನ್ಯಾವಿಗೇಟರ್‌ಗೆ ಇರಲಿಲ್ಲ. ಅವನು ಎದ್ದು ಬಾಗಿಲಿನಿಂದ ಹಾರಬೇಕಿತ್ತು.

ಅಮೆರಿಕನ್ ಸಿಬ್ಬಂದಿಯನ್ನು ಹುಡುಕುವವರಿಗೆ ಒಂದು ಅನುಕೂಲ ಇದೆ. 1943ರಿಂದ ಅವರು ಕಾಣೆಯಾದ ಪ್ರತಿ ವಿಮಾನಕ್ಕೂ ‘ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್’ ಬರೆಯುತ್ತಿದ್ದರು. ಹಗಲಲ್ಲಿ ಗುಂಪಾಗಿ ಹಾರುತ್ತಿದ್ದರಿಂದ ಪಕ್ಕದ ವಿಮಾನದವರು ಎಷ್ಟು ಪ್ಯಾರಾಶೂಟ್ ಬಿಚ್ಚಿಕೊಂಡವು ಅಂತ ಎಣಿಸಿ ಹೇಳಿದ್ದೂ ಅದರಲ್ಲಿರುತ್ತದೆ. ಆಸ್ಟ್ರೇಲಿಯಾದವರಾದರೆ ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎ705 ಸರಣಿ ನೋಡಿ. ಸೆರೆಯಿಂದ ಬಂದವರ ಹೇಳಿಕೆ, ತಾಯಂದಿರು ಬರೆದ ಪತ್ರ ಎಲ್ಲ ಒಂದೇ ಫೈಲಿನಲ್ಲಿ. ಲಿಂಕನ್ ಸೆಂಟರ್‌ನ ಡಿಜಿಟಲ್ ಸಂಗ್ರಹದಲ್ಲಿ ಬದುಕಿ ಉಳಿದವರ ಸಂದರ್ಶನಗಳ ಆಡಿಯೊ ಇದೆ. ಅದನ್ನು ಮಾತ್ರ ಕೊನೆಗೆ ಕೇಳಿ, ಫಾರ್ಮ್ 541 ಪಕ್ಕದಲ್ಲಿ ಇಟ್ಟುಕೊಂಡು. ತಾರೀಕು, ಶತ್ರು ವಿಮಾನದ ಮಾದರಿ ಇಂಥದ್ದರಲ್ಲಿ ಎಪ್ಪತ್ತು ವರ್ಷದ ಹಳೆಯ ನೆನಪು ಆಚೀಚೆ ಆಗಿರುತ್ತದೆ, ಅದನ್ನು ಕಾಗದ ಸರಿಮಾಡುತ್ತದೆ. ತಮಾಷೆ ಮಾಡುತ್ತಾ ಮಾತಾಡುತ್ತಿದ್ದವರು ಯಾರ ಹೆಸರು ಬಂದಾಗ ಸುಮ್ಮನಾಗುತ್ತಾರೆ ಅನ್ನುವುದು ಯಾವ ಫಾರ್ಮಿನಲ್ಲೂ ಸಿಗುವುದಿಲ್ಲ, ಅದಕ್ಕೆ ಆಡಿಯೊವನ್ನೇ ಕೇಳಬೇಕು. ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ, ವಯಸ್ಸಾದವರ ದನಿ, ಅದರ ಮೇಲೆ ಯಾರ್ಕ್‌ಷೈರ್ ಕಡೆಯ ಉಚ್ಚಾರಣೆ ಬಂದರೆ ಎರಡು ಸಲ ಕೇಳಬೇಕಾಗುತ್ತದೆ.